ನೈರೋಬಿಯಲ್ಲಿ ಲೋಕವ್ಯವಹಾರದ ಪಾಠಶಾಲೆ: ಗಾಂಧಿ ಸ್ಮಾರಕದಿಂದ ರಾಜತಾಂತ್ರಿಕ ಅಧ್ಯಯನ ಸಂಸ್ಥೆಯವರೆಗೆ



ಸ್ವಾಹಿಲಿ ಭಾಷೆಯಲ್ಲಿ ‘ಕಿಲಿಮ’ ಎಂದರೆ ಗುಡ್ಡ. ‘ಕಿಲಿಮಾನಿ’ ಎಂದರೆ ಗುಡ್ಡದ ಮೇಲೆ. ನಮ್ಮಲ್ಲಿ ಹಲವರು ವಾಸಿಸುವ ಈ ಬಡಾವಣೆಯ ಎರಡು ರಸ್ತೆಗಳ ಹೆಸರುಗಳನ್ನು ನಾವು ದಿನವೂ ಉಚ್ಚರಿಸುತ್ತೇವೆ. ಒಂದು ಆರ್ಗ್ವಿಂಗ್ಸ್ ಕೊಧೆಕ್ ರಸ್ತೆ, ಇನ್ನೊಂದು ಡೆನ್ನಿಸ್ ಪ್ರಿಟ್ ರಸ್ತೆ. ಮೊದಲನೆಯವರು ಕೆನ್ಯಾದ ಮೊದಲ ಆಫ್ರಿಕನ್ ಬ್ಯಾರಿಸ್ಟರ್. ಮುಂದೆ ವಿದೇಶಾಂಗ ಸಚಿವರಾಗಿ, 1969ರ ಜನವರಿಯಲ್ಲಿ ಇದೇ ರಸ್ತೆಯಲ್ಲಿ ಮೃತರಾದವರು. ಆಗ ಅದಕ್ಕೆ ಹರ್ಲಿಂಗ್‌ಹ್ಯಾಮ್ ರಸ್ತೆ ಎಂಬ ಹೆಸರಿತ್ತು. ಎರಡನೆಯವರು 1952–53ರ ಕಪೆಂಗುರಿಯಾ ಮೊಕದ್ದಮೆಯಲ್ಲಿ ಜೋಮೊ ಕೆನ್ಯಾಟ್ಟಾ ಅವರ ಪರವಾಗಿ ವಾದಿಸಿದ ಆಂಗ್ಲ ನ್ಯಾಯವಾದಿ. ಆ ವಕೀಲರ ತಂಡದಲ್ಲಿ ನೈಜೀರಿಯಾದವರಿದ್ದರು, ಜಮೈಕಾ ಮೂಲದವರಿದ್ದರು, ನೈರೋಬಿಯ ಭಾರತೀಯ ವಕೀಲರಿದ್ದರು. ದೆಹಲಿಯಿಂದ ನೆಹರೂ ಅವರು ಕಳುಹಿಸಿಕೊಟ್ಟ ಸಂಸತ್ ಸದಸ್ಯ ದಿವಾನ್ ಚಮನ್ ಲಾಲ್ ಅವರೂ ಇದ್ದರು. ಒಂದು ಹಳ್ಳಿಗಾಡಿನ ನ್ಯಾಯಾಲಯದಲ್ಲಿ ನಡೆದ ವಿಚಾರಣೆ ಹೀಗೆ ಲೋಕದ ವಿಚಾರವಾಗಿ ಮಾರ್ಪಟ್ಟಿತು.

ಇಂತಹ ನಗರದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳನ್ನು ಶಾಸ್ತ್ರೀಯವಾಗಿ ಅಧ್ಯಯನ ಮಾಡುವ ಒಂದು ವಿದ್ಯಾಕೇಂದ್ರ ಹುಟ್ಟಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ನೈರೋಬಿ ವಿಶ್ವವಿದ್ಯಾನಿಲಯದ ರಾಜತಾಂತ್ರಿಕ ಮತ್ತು ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯ ಮೂಲ 1973ರಲ್ಲಿದೆ. ಆದರೆ ಅದರ ಹಿಂದಿನ ಕಥೆ ಕಾಲು ಶತಮಾನದಷ್ಟು ಹಳೆಯದು. ಆ ಕಥೆಯೊಳಗೆ ಭಾರತೀಯರ ಹಣವಿದೆ, ಶ್ರಮವಿದೆ. ನಮಗೆ ವಿಶೇಷವಾಗಿ ಹತ್ತಿರವಾದ ಬೆಂಗಳೂರು, ಬಳ್ಳಾರಿ, ಧಾರವಾಡ, ಮೈಸೂರುಗಳ ನೆನಪೂ ಇದೆ. ಪೂರ್ವ ಆಫ್ರಿಕಾದ ಭಾರತೀಯರ ಚರಿತ್ರೆ ಎಂದೊಡನೆ 1896ರಿಂದ 1901ರವರೆಗೆ ಉಗಾಂಡಾ ರೈಲುಮಾರ್ಗವನ್ನು ಹಾಕಿದ ಸುಮಾರು 32,000 ಕೂಲಿಗಳನ್ನೂ, ಡುಕ್ಕಾ ಇಟ್ಟುಕೊಂಡ ವರ್ತಕರನ್ನೂ ನೆನೆಯುವುದು ರೂಢಿ. ಅದು ನ್ಯಾಯವೇ. ಆದರೆ ಇಲ್ಲಿ ವಿದ್ಯೆಗಾಗಿ ಆದ ಪ್ರಯತ್ನಗಳ ಚರಿತ್ರೆಯನ್ನು ನಮ್ಮ ಮಕ್ಕಳಿಗೆ ಹೇಳಿಕೊಡುವವರು ಕಡಿಮೆ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು ಈ ಲೇಖನದ ಉದ್ದೇಶ.

ಸ್ಮಾರಕವಾಗಿ ಒಂದು ಕಾಲೇಜು

1948ರ ಜನವರಿ 30ರಂದು ಗಾಂಧೀಜಿಯವರ ಹತ್ಯೆಯಾಯಿತು. ಪೂರ್ವ ಆಫ್ರಿಕಾದ ಭಾರತೀಯ ಸಮಾಜ ಅವರ ನೆನಪಿಗೆ ಏನು ಮಾಡಬೇಕೆಂದು ಯೋಚಿಸಿ, ಕಲೆ, ವಿಜ್ಞಾನ ಮತ್ತು ವಾಣಿಜ್ಯ ವಿಷಯಗಳನ್ನು ಕಲಿಸುವ ಒಂದು ಕಾಲೇಜೇ ಜೀವಂತ ಸ್ಮಾರಕವಾಗಬೇಕು ಎಂದು ನಿಶ್ಚಯಿಸಿತು. ಊರೂರುಗಳಲ್ಲಿ ನಿಧಿ ಸಂಗ್ರಹ ನಡೆಯಿತು. ಗಾಂಧಿ ಮೆಮೋರಿಯಲ್ ಅಕಾಡೆಮಿ ಸೊಸೈಟಿ ಸ್ಥಾಪಿತವಾಯಿತು.

ಅದೇ ವರ್ಷ ಸ್ವತಂತ್ರ ಭಾರತದ ಮೊದಲ ಕಮಿಷನರ್ ಆಗಿ ಆಪಾ ಪಂತ್ ಅವರು ನೈರೋಬಿಗೆ ಬಂದರು. ಅವರು ಔಂಧ್ ಸಂಸ್ಥಾನದ ರಾಜಕುಮಾರರು. ಆ ಚಿಕ್ಕ ಮರಾಠಾ ಸಂಸ್ಥಾನದ ಗುಣದಾಳ ಭಾಗ ಇಂದಿನ ನಮ್ಮ ವಿಜಯಪುರ ಜಿಲ್ಲೆಯಲ್ಲಿದೆ. ಆಳುವ ಅಧಿಕಾರವನ್ನು ರಾಜರೇ ಪ್ರಜೆಗಳಿಗೆ ಬಿಟ್ಟುಕೊಟ್ಟ 1939ರ ಔಂಧ್ ಪ್ರಯೋಗದಲ್ಲಿ ಗಾಂಧೀಜಿಯವರ ಮಾರ್ಗದರ್ಶನವಿತ್ತು. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ವಿದ್ಯುತ್ ಕಾರ್ಖಾನೆಯನ್ನು ನಡೆಸಿದ್ದ ಪೋಲೆಂಡಿನ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಅವರ ದುಡಿಮೆಯಿತ್ತು. ಅಂತಹ ಅನುಭವದಿಂದ ಬಂದ ಪಂತ್ ಅವರು, ಭಾರತೀಯರು ತಮ್ಮ ಹಕ್ಕನ್ನು ಬೇರೆಯಾಗಿ ಕೇಳುವುದಕ್ಕಿಂತ ಆಫ್ರಿಕನ್ನರ ಹಕ್ಕಿನೊಂದಿಗೆ ಕೂಡಿಸಿ ಕೇಳಬೇಕು ಎಂಬ ನೆಹರೂ ಅವರ ನೀತಿಯನ್ನು ಇಲ್ಲಿ ಸಾರಿದರು. 1952ರ ಅಕ್ಟೋಬರ್ 20ರಂದು ತುರ್ತು ಪರಿಸ್ಥಿತಿ ಘೋಷಣೆಯಾದ ಮೇಲೆ ವಸಾಹತು ಸರ್ಕಾರಕ್ಕೆ ಅವರು ಕಣ್ಣಿನ ಕಸವಾದರು. 1954ರಲ್ಲಿ ಅವರು ನೈರೋಬಿಯನ್ನು ಬಿಡಬೇಕಾಯಿತು.

ಈ ನಡುವೆ ಬ್ರಿಟಿಷ್ ಸರ್ಕಾರವೂ ನೈರೋಬಿಯಲ್ಲಿ ತಾಂತ್ರಿಕ ಕಾಲೇಜೊಂದನ್ನು ಯೋಜಿಸಿತ್ತು. 1951ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು; 1952ರ ಏಪ್ರಿಲ್‌ನಲ್ಲಿ ಶಂಕುಸ್ಥಾಪನೆ ನಡೆಯಿತು. ಒಂದೇ ಊರಿನಲ್ಲಿ ಎರಡು ಕಾಲೇಜುಗಳು ಅಕ್ಕಪಕ್ಕದಲ್ಲಿ ನಿಲ್ಲುವುದು ವ್ಯರ್ಥವೆಂದು ತೋರಿ, ಮಾತುಕತೆಗಳಾಗಿ, 1954ರ ಏಪ್ರಿಲ್‌ನಲ್ಲಿ ಗಾಂಧಿ ಅಕಾಡೆಮಿಯು ಪೂರ್ವ ಆಫ್ರಿಕಾದ ರಾಯಲ್ ಟೆಕ್ನಿಕಲ್ ಕಾಲೇಜಿನೊಳಗೆ ವಿಲೀನವಾಯಿತು. ಇದರ ಫಲವನ್ನು ನಾವು ಗಮನಿಸಬೇಕು. ಕೇವಲ ಕುಶಲ ಕೆಲಸಗಾರರನ್ನು ತಯಾರಿಸುವ ಶಾಲೆಯಾಗಬಹುದಾಗಿದ್ದ ಸ್ಥಳದಲ್ಲಿ ಕಲಾವಿಷಯಗಳಿಗೂ ವಾಣಿಜ್ಯಕ್ಕೂ ನೆಲೆ ಸಿಕ್ಕಿತು. ಶಾಲೆ, ಆಸ್ಪತ್ರೆ, ವಸತಿ ಎಲ್ಲವೂ ಬಣ್ಣದ ಮೇಲೆ ಬೇರ್ಪಟ್ಟಿದ್ದ ಊರಿನಲ್ಲಿ, ಎಲ್ಲ ಜನಾಂಗದವರೂ ಒಂದೇ ಕೊಠಡಿಯಲ್ಲಿ ಕುಳಿತು ಓದುವ ಕಾಲೇಜು 1956ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು.

ಅದೇ ವರ್ಷದ ಜುಲೈ ತಿಂಗಳಿನಲ್ಲಿ ಭಾರತದ ಉಪರಾಷ್ಟ್ರಪತಿ ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ಇಲ್ಲಿಗೆ ಬಂದು ಕಾಲೇಜಿನ ಆವರಣದಲ್ಲಿ ಗಾಂಧೀಜಿಯವರ ಪ್ರತಿಮೆಯನ್ನು ಅನಾವರಣ ಮಾಡಿದರು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಅವರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಅಲಂಕರಿಸಿದ ಸಾರೋಟನ್ನು ತಾವೇ ಎಳೆದು ರೈಲು ನಿಲ್ದಾಣಕ್ಕೆ ತಲುಪಿಸಿದ ಪ್ರಸಂಗವನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಆ ಪ್ರತಿಮೆ ಇಂದಿಗೂ ವಿಶ್ವವಿದ್ಯಾನಿಲಯದ ಆವರಣದಲ್ಲಿದೆ.

ಮುಂದಿನ ಬೆಳವಣಿಗೆ ವೇಗವಾಗಿ ಆಯಿತು. 1961ರ ಜೂನ್ 25ರಂದು ಅದು ರಾಯಲ್ ಕಾಲೇಜ್ ನೈರೋಬಿಯಾಯಿತು. 1964ರ ಮೇ 20ರಂದು ಯೂನಿವರ್ಸಿಟಿ ಕಾಲೇಜ್ ನೈರೋಬಿ ಎಂಬ ಹೆಸರು ಪಡೆದು, ಮಕೆರೆರೆ ಮತ್ತು ದಾರ್ ಎಸ್ ಸಲಾಮ್‌ಗಳೊಂದಿಗೆ ಪೂರ್ವ ಆಫ್ರಿಕಾ ವಿಶ್ವವಿದ್ಯಾನಿಲಯದ ಅಂಗವಾಯಿತು. 1970ರಲ್ಲಿ ಆ ಒಕ್ಕೂಟ ಬೇರ್ಪಟ್ಟು ನೈರೋಬಿ ವಿಶ್ವವಿದ್ಯಾನಿಲಯ ಸ್ವತಂತ್ರವಾಗಿ ನಿಂತಿತು.

ಬೆಂಗಳೂರು, ಬಳ್ಳಾರಿಗಳಿಂದ ಬಂದ ವಿದೇಶಾಂಗ ಸಚಿವ

1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾದಾಗ ಅದಕ್ಕೆ ಧ್ವಜವಿತ್ತು, ಸಂಸತ್ತಿತ್ತು. ಪರದೇಶಗಳೊಡನೆ ವ್ಯವಹರಿಸುವ ಅನುಭವಿಗಳ ವರ್ಗವೊಂದು ಮಾತ್ರ ಇರಲಿಲ್ಲ. ವಸಾಹತಿನ ವಿದೇಶಾಂಗ ವ್ಯವಹಾರವೆಲ್ಲ ಲಂಡನ್ನಿನಲ್ಲಿ ನಡೆಯುತ್ತಿತ್ತಲ್ಲವೇ? ಈ ಶೂನ್ಯದಲ್ಲಿ ಹೊಸ ದೇಶದ ವಿದೇಶಾಂಗ ಇಲಾಖೆಯನ್ನು ಕಟ್ಟಿದವರಲ್ಲಿ ಮುಖ್ಯರು ಜೋಸೆಫ್ ಮುರುಂಬಿ.

ಮುರುಂಬಿ ಅವರು 1911ರಲ್ಲಿ ಎಲ್ಡಾಮಾ ರವೀನ್‌ನಲ್ಲಿ ಜನಿಸಿದರು. ತಂದೆ ಗೋವಾ ಮೂಲದ ವರ್ತಕರು, ತಾಯಿ ಮಸಾಯಿ ಜನಾಂಗದವರು. ಸುಮಾರು ಆರನೆಯ ವಯಸ್ಸಿನಲ್ಲಿ ಬಾಲಕನನ್ನು ಓದಿಗಾಗಿ ಭಾರತಕ್ಕೆ ಕಳುಹಿಸಲಾಯಿತು. ಅವರು ಓದಿದ್ದು ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟ್ ಶಾಲೆಯಲ್ಲಿ, ಅನಂತರ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಪ್ರೌಢಶಾಲೆಯಲ್ಲಿ. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಅದು ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ಮುಂದೆ ಕೆನ್ಯಾದ ವಿದೇಶಾಂಗ ಸಚಿವನಾಗಲಿದ್ದ ಹುಡುಗನ ಬಾಲ್ಯ ಮತ್ತು ತಾರುಣ್ಯ ಕನ್ನಡ ನಾಡಿನ ದಂಡುಪ್ರದೇಶಗಳ ನಡುವೆ ಕಳೆಯಿತೆಂಬುದು ನಮ್ಮಲ್ಲಿ ಬಹುಮಂದಿಗೆ ತಿಳಿದಿಲ್ಲ.

1933ರಲ್ಲಿ ಅವರು ಕೆನ್ಯಾಕ್ಕೆ ಮರಳಿದರು. ಕೆಲವು ವರ್ಷ ಸೊಮಾಲಿಯಾದ ಬ್ರಿಟಿಷ್ ಸೇನಾ ಆಡಳಿತದಲ್ಲಿ ಕೆಲಸ ಮಾಡಿದರು. 1952ರಲ್ಲಿ ಕೆನ್ಯಾಟ್ಟಾ ಮೊದಲಾದ ನಾಯಕರು ಬಂಧಿತರಾದಾಗ ಕೆನ್ಯಾ ಆಫ್ರಿಕನ್ ಯೂನಿಯನ್ನಿನ ಹಂಗಾಮಿ ಕಾರ್ಯದರ್ಶಿಯ ಹೊಣೆಯನ್ನು ಹೊತ್ತರು. ಮರುವರ್ಷ ಭಾರತಕ್ಕೆ ಹೋಗಿ ಕೆನ್ಯಾದ ಪರವಾಗಿ ಬೆಂಬಲ ಕೇಳಿದರು. ಅಲ್ಲಿಂದ ಲಂಡನ್ನಿಗೆ ಹೋಗಿ ವಸಾಹತು ವಿಮೋಚನಾ ಚಳವಳಿಯಲ್ಲಿ ದುಡಿದರು. 1964ರಿಂದ 1966ರವರೆಗೆ ವಿದೇಶಾಂಗ ಸಚಿವರಾಗಿ, 1966ರಲ್ಲಿ ಕೆಲವೇ ತಿಂಗಳು ಉಪರಾಷ್ಟ್ರಪತಿಯಾಗಿ, ಅನಂತರ ಸ್ವಇಚ್ಛೆಯಿಂದ ರಾಜಕೀಯವನ್ನೇ ತ್ಯಜಿಸಿದರು.

ಅವರ ಅಧಿಕಾರಾವಧಿಯ ಸಮಸ್ಯೆಗಳು ಸಣ್ಣವಲ್ಲ. ಉತ್ತರದ ಗಡಿಯಲ್ಲಿ ಸೊಮಾಲಿಯಾ ಕೆನ್ಯಾದ ನೆಲವನ್ನು ತನ್ನದೆನ್ನುತ್ತಿತ್ತು. 1964ರ ಜುಲೈನಲ್ಲಿ ಕೈರೋದಲ್ಲಿ ಸೇರಿದ ಆಫ್ರಿಕನ್ ಐಕ್ಯ ಸಂಘಟನೆಯು, ಸ್ವಾತಂತ್ರ್ಯದ ದಿನ ಇದ್ದ ಗಡಿಗಳನ್ನು ಎಲ್ಲರೂ ಮಾನ್ಯಮಾಡಬೇಕೆಂದು ನಿರ್ಣಯಿಸಿತು. ಬ್ರಿಟಿಷರು ಎಳೆದ ಗೆರೆಯನ್ನು ಬ್ರಿಟಿಷರ ವಿರುದ್ಧ ಹೋರಾಡಿದವರೇ ಕಾಪಾಡಬೇಕಾದ ವಿಚಿತ್ರ ಸ್ಥಿತಿ ಅದು. ಕಾನೂನು, ಚರಿತ್ರೆ, ಭೂಗೋಳ ಈ ಮೂರನ್ನೂ ಬಲ್ಲ ಅಧಿಕಾರಿಗಳಿಲ್ಲದೆ ಇಂತಹ ವಾದವನ್ನು ಮಂಡಿಸುವುದು ಅಸಾಧ್ಯ. ಅವರನ್ನು ತಯಾರಿಸುವ ಶಾಲೆ ಎಲ್ಲಿ? ಈ ಪ್ರಶ್ನೆ ಆಗಲೇ ಹುಟ್ಟಿತ್ತು.

ಧಾರವಾಡದ ವಿದ್ಯಾರ್ಥಿ, ಲುಮುಂಬಾ ಸಂಸ್ಥೆ

ಈ ಪ್ರಶ್ನೆಗೆ ಇನ್ನೊಂದು ದಿಕ್ಕಿನಿಂದ ಉತ್ತರ ಕೊಡಲು ಹೊರಟವರು ಪಿಯೊ ಗಾಮಾ ಪಿಂಟೊ. ನೈರೋಬಿಯಲ್ಲಿ 1927ರ ಮಾರ್ಚ್ 31ರಂದು ಹುಟ್ಟಿದ ಪಿಂಟೊ ಕೂಡ ಬಾಲ್ಯದಲ್ಲೇ ಭಾರತಕ್ಕೆ ಹೋದವರು. ಗೋವೆಯಲ್ಲಿ ಶಾಲೆ ಮುಗಿಸಿ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ವಿಜ್ಞಾನ ಓದಿದರು. 1917ರಲ್ಲಿ ಆರಂಭವಾದ ಆ ಕಾಲೇಜು ಉತ್ತರ ಕರ್ನಾಟಕದ ಎಷ್ಟೋ ತಲೆಮಾರುಗಳಿಗೆ ವಿದ್ಯೆ ನೀಡಿದೆ. ಅಲ್ಲಿ ಕಲಿತವರ ಪಟ್ಟಿಯಲ್ಲಿ ಕೆನ್ಯಾದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಹೆಸರೂ ಸೇರಬೇಕು.

ನೈರೋಬಿಗೆ ಮರಳಿದ ಪಿಂಟೊ ಪತ್ರಕರ್ತರಾಗಿ, ಕಾರ್ಮಿಕ ಸಂಘಟಕರಾಗಿ, ಮೌ ಮೌ ಹೋರಾಟಗಾರರ ಗುಪ್ತ ಸಹಾಯಕರಾಗಿ ದುಡಿದರು. 1954ರಲ್ಲಿ ಬಂಧಿತರಾಗಿ ಮಾಂಡಾ ದ್ವೀಪದಲ್ಲಿಯೂ ಅನಂತರ ಕಬಾರ್ನೆಟ್‌ನಲ್ಲಿಯೂ ಒಟ್ಟು ಐದು ವರ್ಷ ಸೆರೆಯಲ್ಲಿದ್ದರು. ಸ್ವಾತಂತ್ರ್ಯಾನಂತರ ಸಂಸತ್ ಸದಸ್ಯರಾದರು. 1964ರ ಡಿಸೆಂಬರ್‌ನಲ್ಲಿ ನೈರೋಬಿಯಲ್ಲಿ ಆರಂಭವಾದ ಲುಮುಂಬಾ ಸಂಸ್ಥೆಯ ಹಿಂದಿನ ಮುಖ್ಯ ಶಕ್ತಿಗಳಲ್ಲಿ ಅವರೂ ಒಬ್ಬರು. ಕಾಂಗೋದ ಹತ್ಯೆಗೀಡಾದ ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರ ಹೆಸರಿನ ಈ ಸಂಸ್ಥೆ ಆಡಳಿತ ಪಕ್ಷದ ಕಾರ್ಯಕರ್ತರಿಗೆ ರಾಜಕೀಯ, ಅರ್ಥಶಾಸ್ತ್ರ ಮತ್ತು ಲೋಕಸ್ಥಿತಿಯನ್ನು ಕಲಿಸಲು ಹುಟ್ಟಿತು. ಕೆನ್ಯಾಟ್ಟಾ ಮತ್ತು ಒಗಿಂಗಾ ಒಡಿಂಗಾ ಇಬ್ಬರೂ ಅದರ ಧರ್ಮದರ್ಶಿಗಳು. ಹಣ ಮತ್ತು ಉಪನ್ಯಾಸಕರು ಬಂದದ್ದು ಹೆಚ್ಚಾಗಿ ಸೋವಿಯತ್ ಬಣದಿಂದ.

ಶೀತಲ ಸಮರದ ಆ ದಿನಗಳಲ್ಲಿ ಪಾಠಶಾಲೆಯೂ ರಣರಂಗವೇ. 1965ರ ಫೆಬ್ರವರಿ 24ರಂದು ಪಿಂಟೊ ಅವರನ್ನು ವೆಸ್ಟ್‌ಲ್ಯಾಂಡ್ಸ್‌ನಲ್ಲಿ, ತಮ್ಮ ಮನೆಯ ಗೇಟಿನ ಬಳಿ, ಪುಟ್ಟ ಮಗಳು ಕಾರಿನಲ್ಲಿರುವಾಗಲೇ ಗುಂಡಿಕ್ಕಿ ಕೊಲ್ಲಲಾಯಿತು. ಅವರಿಗಿನ್ನೂ 37 ವರ್ಷ. ಅದೇ ವರ್ಷ ಸರ್ಕಾರ ಲುಮುಂಬಾ ಸಂಸ್ಥೆಯನ್ನು ವಶಪಡಿಸಿಕೊಂಡಿತು. ಸಂಸ್ಥೆ ಒಂದು ವರ್ಷವೂ ಬಾಳಲಿಲ್ಲ. ಒಂದು ಬಣದ ಹಣದಿಂದ, ಒಂದು ಪಕ್ಷದ ಆಶ್ರಯದಲ್ಲಿ ನಿಂತ ವಿದ್ಯಾಕೇಂದ್ರ ಆ ಪಕ್ಷದ ಒಳಜಗಳವನ್ನು ದಾಟಿ ಉಳಿಯಲಾರದೆಂಬುದು ಅಂದಿನ ಅನುಭವ.

1973: ರಾಜತಾಂತ್ರಿಕರಿಗೆ ಶಿಕ್ಷಣ

ಇತ್ತ ವಿಶ್ವವಿದ್ಯಾನಿಲಯದೊಳಗೆ ಸಂಶೋಧನೆಯ ಅಡಿಪಾಯ ನಿಧಾನವಾಗಿ ಬಲಗೊಳ್ಳುತ್ತಿತ್ತು. 1965ರಲ್ಲಿ ಅಭಿವೃದ್ಧಿ ಅಧ್ಯಯನ ಸಂಸ್ಥೆ ಆರಂಭವಾಯಿತು. ನಗರದ ‘ಜುವಾ ಕಾಲಿ’ ಕೆಲಸಗಾರರನ್ನು, ಅಂದರೆ ಸುಡುಬಿಸಿಲಿನಲ್ಲಿ ಕುಳಿತು ದುಡಿಯುವ ಕುಶಲಕರ್ಮಿಗಳನ್ನು, ಆಗ ಅಧಿಕಾರಿಗಳು ತೊಂದರೆಯೆಂದೇ ಎಣಿಸುತ್ತಿದ್ದರು. ಕೆನ್ಯಾದ ಉದ್ಯೋಗಸ್ಥಿತಿಯನ್ನು ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1972ರಲ್ಲಿ ಹೊರತಂದ ವರದಿ, ಇವರ ದುಡಿಮೆಯೂ ಆರ್ಥಿಕ ವ್ಯವಸ್ಥೆಯ ಒಂದು ಅಂಗವೆಂದು ತೋರಿಸಿತು. ಆ ವರದಿಗೆ ನೈರೋಬಿಯ ಸಂಶೋಧಕರ ಕೆಲಸ ಆಧಾರವಾಗಿತ್ತು. ‘ಅನೌಪಚಾರಿಕ ವಲಯ’ ಎಂದು ಇಂದು ಲೋಕವೆಲ್ಲ ಬಳಸುವ ಮಾತು ಪ್ರಸಿದ್ಧಿಗೆ ಬಂದದ್ದು ಆ ವರದಿಯಿಂದಲೇ. 1970ರಲ್ಲಿ ಆಫ್ರಿಕನ್ ಅಧ್ಯಯನ ಸಂಸ್ಥೆ ಬೇರೆಯಾಗಿ ರೂಪುಗೊಂಡು, ಇತಿಹಾಸಕಾರ ಬೆತ್‌ವೆಲ್ ಒಗೊಟ್ ಅದರ ಮೊದಲ ನಿರ್ದೇಶಕರಾದರು. ನಮ್ಮ ಕಥೆಯನ್ನು ನಾವೇ ನಮ್ಮ ನೆಲೆಯಿಂದ ಬರೆಯಬೇಕೆಂಬ ಹಂಬಲ ಎಲ್ಲೆಡೆ ಇತ್ತು. ಇಂಗ್ಲಿಷ್ ವಿಭಾಗವನ್ನೇ ತೆಗೆದು ಆಫ್ರಿಕದ ಸಾಹಿತ್ಯವನ್ನು ಕೇಂದ್ರದಲ್ಲಿರಿಸಬೇಕೆಂದು ಗುಗಿ ವಾ ಥಿಯೊಂಗೊ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಮನವಿ ಬರೆದದ್ದು 1968ರ ಅಕ್ಟೋಬರ್‌ನಲ್ಲಿ.

ಆವರೆಗೆ ಹೊಸ ರಾಷ್ಟ್ರಗಳ ತರುಣ ರಾಜತಾಂತ್ರಿಕರು ತರಬೇತಿಗಾಗಿ ಯೂರೋಪು, ಅಮೆರಿಕಗಳಿಗೆ ಹೋಗುತ್ತಿದ್ದರು. ಈ ಶಿಕ್ಷಣ ಆಫ್ರಿಕದ ನೆಲದಲ್ಲಿಯೇ ದೊರೆಯಬೇಕೆಂಬ ಯೋಚನೆ ಬಲಗೊಂಡಾಗ, ಜಿನೀವಾದಲ್ಲಿ 1927ರಲ್ಲಿ ಸ್ಥಾಪಿತವಾಗಿದ್ದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆ ಮತ್ತು ಸ್ವಿಸ್ ಸರ್ಕಾರ ನೆರವಿಗೆ ಬಂದವು. ಫ್ರೆಂಚ್ ಬಳಸುವ ದೇಶಗಳಿಗಾಗಿ 1971ರಲ್ಲಿ ಕ್ಯಾಮರೂನಿನ ಯವುಂಡೆಯಲ್ಲಿ ಒಂದು ಸಂಸ್ಥೆ ಆರಂಭವಾಯಿತು. ಇಂಗ್ಲಿಷ್ ಬಳಸುವ ದೇಶಗಳಿಗಾಗಿ 1973ರಲ್ಲಿ ನೈರೋಬಿ ವಿಶ್ವವಿದ್ಯಾನಿಲಯದಲ್ಲಿ ರಾಜತಾಂತ್ರಿಕ ತರಬೇತಿ ಕಾರ್ಯಕ್ರಮ ಆರಂಭವಾಯಿತು. ಅಂತರರಾಷ್ಟ್ರೀಯ ಕಾನೂನು, ಅರ್ಥಶಾಸ್ತ್ರ, ರಾಜತಾಂತ್ರಿಕ ಚರಿತ್ರೆ ಮೊದಲಾದವುಗಳ ವ್ಯಾಸಂಗಕ್ಕೆ ಬೇರೆ ಬೇರೆ ಆಫ್ರಿಕನ್ ದೇಶಗಳ ಅಧಿಕಾರಿಗಳು ಇಲ್ಲಿಗೆ ಬಂದರು. ಪಕ್ಷದ ಆಸರೆಯ ಬದಲು ವಿಶ್ವವಿದ್ಯಾನಿಲಯದ ಆಸರೆ, ಬಣದ ಹಣದ ಬದಲು ತಟಸ್ಥ ರಾಷ್ಟ್ರವೊಂದರ ಹಣ: ಲುಮುಂಬಾ ಸಂಸ್ಥೆಗೂ ಇದಕ್ಕೂ ಇದ್ದ ಈ ವ್ಯತ್ಯಾಸದಲ್ಲಿಯೇ ಇದರ ದೀರ್ಘಾಯುಷ್ಯದ ಗುಟ್ಟಿದೆ.

ಕಾಲವೂ ಸ್ಥಳವೂ ಅದಕ್ಕೆ ಒದಗಿ ಬಂದವು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರ ಕಚೇರಿಯನ್ನು ನೈರೋಬಿಯಲ್ಲಿರಿಸಲು ಮಹಾಸಭೆ 1972ರ ಡಿಸೆಂಬರ್‌ನಲ್ಲಿ ತೀರ್ಮಾನಿಸಿತ್ತು. ವಿಶ್ವಸಂಸ್ಥೆಯ ಅಂಗವೊಂದರ ಕೇಂದ್ರ ಕಚೇರಿ ಬಡ ರಾಷ್ಟ್ರಗಳ ನೆಲದಲ್ಲಿ ನೆಲೆಯೂರಿದ್ದು ಅದೇ ಮೊದಲು. ಅದೇ ವರ್ಷ ಪಕ್ಕದ ಉಗಾಂಡಾದಿಂದ ಈದಿ ಅಮೀನ್ ಹತ್ತಾರು ಸಾವಿರ ಏಷ್ಯನ್ನರನ್ನು ಹೊರದೂಡಿದ್ದ. 1976ರಲ್ಲಿ ಕೆನ್ಯಾದ ಪಶ್ಚಿಮ ಭಾಗವನ್ನೇ ತನ್ನದೆಂದ. 1977ರಲ್ಲಿ ಪೂರ್ವ ಆಫ್ರಿಕನ್ ಸಮುದಾಯ ಮುರಿದುಬಿದ್ದು, ತಾಂಜಾನಿಯಾದ ಗಡಿ 1983ರವರೆಗೆ ಮುಚ್ಚಿಹೋಯಿತು. ಇಲ್ಲಿಯ ವಿದ್ಯಾರ್ಥಿಗಳಿಗೆ ಲೋಕವ್ಯವಹಾರದ ಪಾಠ ಪುಸ್ತಕದಿಂದಷ್ಟೇ ಬರಬೇಕಾಗಿರಲಿಲ್ಲ. ಬೆಳಗಿನ ಪತ್ರಿಕೆಯೇ ಪಠ್ಯವಾಗಿತ್ತು.

ಕಷ್ಟದ ದಿನಗಳೂ ಬಂದವು. ವಿದೇಶಾಂಗ ನೀತಿಯನ್ನು ಪರೀಕ್ಷಿಸುವುದೆಂದರೆ ಸರ್ಕಾರವನ್ನು ಪ್ರಶ್ನಿಸುವುದೇ ಆಗುತ್ತದೆ. 1977ರ ಡಿಸೆಂಬರ್ ಕೊನೆಯಲ್ಲಿ ಗುಗಿ ಅವರನ್ನು ವಿಚಾರಣೆಯಿಲ್ಲದೆ ಬಂಧಿಸಿ ಒಂದು ವರ್ಷ ಸೆರೆಯಲ್ಲಿಟ್ಟರು. 1982ರಲ್ಲಿ ಕಾನೂನು ಅಧ್ಯಾಪಕ ವಿಲಿ ಮುತುಂಗಾ ಅವರೂ ಬಂಧಿತರಾದರು. ಅವರೇ 2011ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಗಳಾದರು ಎಂಬುದು ಕಾಲದ ತಿರುವು. 1982ರ ಆಗಸ್ಟ್ 1ರ ವಿಫಲ ಸೈನಿಕ ದಂಗೆಯ ಬಳಿಕ ವಿಶ್ವವಿದ್ಯಾನಿಲಯ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಚ್ಚಿತ್ತು. ಇವೆಲ್ಲವನ್ನು ದಾಟಿ, 1990ರ ಹೊತ್ತಿಗೆ ತರಬೇತಿ ಕಾರ್ಯಕ್ರಮವು ರಾಜತಾಂತ್ರಿಕ ಮತ್ತು ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯಾಗಿ ಬೆಳೆಯಿತು. ಡಿಪ್ಲೊಮಾದ ಜೊತೆಗೆ ಎಂ.ಎ., ಪಿಎಚ್.ಡಿ. ಪದವಿಗಳು ಬಂದವು. ಕಲಹ ನಿರ್ವಹಣೆಯ ವಿದ್ವಾಂಸರಾದ ಪ್ರೊ. ಮಕುಮಿ ಮ್ವಾಗಿರು, ರಾಜ್ಯಶಾಸ್ತ್ರಜ್ಞೆಯೂ ಸ್ವತಃ ರಾಯಭಾರಿಯಾಗಿ ಸೇವೆ ಸಲ್ಲಿಸಿದವರೂ ಆದ ಪ್ರೊ. ಮರಿಯಾ ನ್ಜೊಮೊ ಮೊದಲಾದವರು ಅದನ್ನು ಮುನ್ನಡೆಸಿದರು.

ಕಲಹದ ಅಧ್ಯಯನಕ್ಕೆ ಈ ಸಂಸ್ಥೆ ಒತ್ತು ಕೊಟ್ಟದ್ದು ಸಹಜವಾಗಿತ್ತು. ಸೊಮಾಲಿಯಾ, ಸೂಡಾನ್, ರ್ವಾಂಡಾಗಳ ನಿರಾಶ್ರಿತರಿಗೂ ಸಂಧಾನಕಾರರಿಗೂ ನೈರೋಬಿಯೇ ತಂಗುದಾಣ. ಸೂಡಾನಿನ ಎರಡು ದಶಕಗಳ ಅಂತರ್ಯುದ್ಧವನ್ನು ನಿಲ್ಲಿಸಿದ ಸಮಗ್ರ ಶಾಂತಿ ಒಪ್ಪಂದ, ಕೆನ್ಯಾದ ಜನರಲ್ ಲಜಾರೊ ಸುಂಬೆಯ್ವೊ ಅವರ ದೀರ್ಘ ಸಂಧಾನದ ಬಳಿಕ, 2005ರ ಜನವರಿ 9ರಂದು ಸಹಿಯಾದದ್ದು ಇದೇ ನಗರದಲ್ಲಿ. 2021ರ ಆಡಳಿತ ಪುನರ್ರಚನೆಯಲ್ಲಿ ಸಂಸ್ಥೆಯು ಸಮಾಜವಿಜ್ಞಾನ ನಿಕಾಯದೊಳಗಿನ ಒಂದು ವಿಭಾಗವಾಗಿ ಮಾರ್ಪಟ್ಟಿತು. ಬೋಧನೆ ಮುಂದುವರಿದಿದೆ, ಪ್ರತ್ಯೇಕ ಸಂಸ್ಥೆಗಿದ್ದ ಸ್ವಾಯತ್ತತೆ ವಿಭಾಗಕ್ಕೆ ಅಷ್ಟೇ ಪ್ರಮಾಣದಲ್ಲಿ ಉಳಿಯುವುದೇ ಎಂಬುದನ್ನು ಮುಂದಿನ ದಿನಗಳು ಹೇಳಬೇಕು.

ಕೈಗೂಡದ ಇನ್ನೊಂದು ಸಂಸ್ಥೆ

ಮುರುಂಬಿ ಅವರ ಕಥೆಗೆ ಉತ್ತರಾರ್ಧವೊಂದಿದೆ. ರಾಜಕೀಯ ಬಿಟ್ಟ ಮೇಲೆ ಅವರು ಪುಸ್ತಕ ಮತ್ತು ಕಲಾವಸ್ತುಗಳ ಸಂಗ್ರಹಕ್ಕೆ ಜೀವನವನ್ನು ಮುಡಿಪಿಟ್ಟರು. ಆಫ್ರಿಕದ ಚರಿತ್ರೆಗೆ ಸಂಬಂಧಿಸಿದ ಸಾವಿರಾರು ಅಪೂರ್ವ ಗ್ರಂಥಗಳು ಅವರ ಮನೆಯಲ್ಲಿದ್ದವು. ವಿದೇಶಗಳಿಂದ ಹೆಚ್ಚಿನ ಬೆಲೆಯ ಕರೆಗಳು ಬಂದರೂ ಒಪ್ಪದೆ, 1970ರ ದಶಕದ ಉತ್ತರಾರ್ಧದಲ್ಲಿ ಅವನ್ನು ಕಡಿಮೆ ಬೆಲೆಗೆ ಕೆನ್ಯಾ ಸರ್ಕಾರಕ್ಕೇ ಒಪ್ಪಿಸಿದರು. ಮುಥೈಗಾದಲ್ಲಿದ್ದ ತಮ್ಮ ಮನೆಯಲ್ಲಿ ಗ್ರಂಥಾಲಯ ಮತ್ತು ವಸತಿಯುಳ್ಳ ಒಂದು ಆಫ್ರಿಕನ್ ಅಧ್ಯಯನ ಸಂಸ್ಥೆ ಸ್ಥಾಪನೆಯಾಗಬೇಕೆಂಬುದು ಅವರ ಆಶಯವೂ ಒಪ್ಪಂದದ ಭಾಗವೂ ಆಗಿತ್ತು. ಆ ಸಂಸ್ಥೆ ಹುಟ್ಟಲಿಲ್ಲ. ಮನೆಯನ್ನೂ ಕೆಡವಲಾಯಿತು. ಪುಸ್ತಕಗಳೂ ಕಲಾವಸ್ತುಗಳೂ ಉಳಿದವು. ನಗರದ ನಡುವಿನ ರಾಷ್ಟ್ರೀಯ ಪತ್ರಾಗಾರದ ಮುರುಂಬಿ ಗ್ಯಾಲರಿಯಲ್ಲಿ ಅವನ್ನು ಇಂದೂ ನೋಡಬಹುದು.

1990ರ ಜೂನ್ 22ರಂದು ಮುರುಂಬಿ ತೀರಿಕೊಂಡರು. ಗೆಳೆಯ ಪಿಂಟೊ ಅವರ ಸಮಾಧಿಯ ಹತ್ತಿರವೇ ತಮ್ಮನ್ನೂ ಮಣ್ಣುಮಾಡಬೇಕೆಂಬ ಅವರ ಇಚ್ಛೆಯಂತೆ ಸಿಟಿ ಪಾರ್ಕ್‌ನಲ್ಲಿ ಅವರ ಸಮಾಧಿಯಾಯಿತು. ಬಳ್ಳಾರಿಯಲ್ಲಿ ಓದಿದವರೊಬ್ಬರು, ಧಾರವಾಡದಲ್ಲಿ ಓದಿದವರೊಬ್ಬರು, ನೈರೋಬಿಯ ಮರಗಳ ನೆರಳಿನಲ್ಲಿ ಹತ್ತಿರ ಹತ್ತಿರ ಮಲಗಿದ್ದಾರೆ.

ನಾಡಿನತ್ತ ಒಂದು ನೋಟ

ಭಾರತದಲ್ಲಿಯೂ ಇಂತಹ ವಿದ್ಯಾಕೇಂದ್ರಗಳು ಇದೇ ಕಾಲದವು. ಬಾಂಡುಂಗ್ ಸಮ್ಮೇಳನ ನಡೆದ 1955ರಲ್ಲಿಯೇ ದೆಹಲಿ ವಿಶ್ವವಿದ್ಯಾನಿಲಯದ ಆಫ್ರಿಕನ್ ಅಧ್ಯಯನ ವಿಭಾಗವೂ, ಸಪ್ರು ಹೌಸ್‌ನ ಭಾರತೀಯ ಅಂತರರಾಷ್ಟ್ರೀಯ ಅಧ್ಯಯನ ಶಾಲೆಯೂ ಹುಟ್ಟಿದವು. ಎರಡನೆಯದು 1970ರಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯವನ್ನು ಸೇರಿತು. ಕನ್ನಡ ನಾಡೂ ಈ ಕ್ಷೇತ್ರಕ್ಕೆ ಹೊರತಲ್ಲ. ಕರಾವಳಿಯ ಬೆನಗಲ್ ಮನೆತನದ ಸರ್ ಬೆನಗಲ್ ರಾಮರಾವ್ ಅವರು 1938ರಿಂದ 1941ರವರೆಗೆ ದಕ್ಷಿಣ ಆಫ್ರಿಕದಲ್ಲಿ ಭಾರತದ ಹೈಕಮಿಷನರ್ ಆಗಿದ್ದರು. ಅವರ ಅಣ್ಣ ಬೆನಗಲ್ ನರಸಿಂಗರಾವ್ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿ 1950ರ ಜೂನ್‌ನಲ್ಲಿ, ಕೊರಿಯಾ ಯುದ್ಧ ಸ್ಫೋಟಿಸಿದ ಘಳಿಗೆಯಲ್ಲಿ, ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದರು. ಡಿ.ವಿ.ಜಿ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದಾಗ, ರಾಜ್ಯವ್ಯವಹಾರವನ್ನು ತಿಳಿಯುವುದು ಅಧಿಕಾರಿಗಳ ಗುತ್ತಿಗೆಯಲ್ಲ, ಪ್ರತಿಯೊಬ್ಬ ಪ್ರಜೆಯ ಕರ್ತವ್ಯ ಎಂಬ ನಿಲುವು ಅದಕ್ಕೆ ಬುನಾದಿಯಾಗಿತ್ತು. ಗಾಂಧಿ ಸ್ಮಾರಕಕ್ಕಾಗಿ ಹಣ ಕೂಡಿಸ ಹೊರಟ ನೈರೋಬಿಯ ಭಾರತೀಯರಿಗೂ ಇಂತಹುದೇ ನಂಬಿಕೆಯಿತ್ತೆಂದು ಭಾವಿಸಲು ಅಡ್ಡಿಯಿಲ್ಲ.

ಇದು ನಮಗೇಕೆ ಮುಖ್ಯ?

ಲೋಕವ್ಯವಹಾರದ ಅಧ್ಯಯನ ವಿದ್ವಾಂಸರ ಕೆಲಸ, ನಮ್ಮ ಉದ್ಯೋಗ ಸಂಸಾರಗಳಿಗೆ ಅದರಿಂದೇನು ಎಂದು ಕೇಳುವವರಿರಬಹುದು. ಇಲ್ಲಿಯ ಏಷ್ಯನ್ ಸಮಾಜದ ಅನುಭವವೇ ಅದಕ್ಕೆ ಉತ್ತರ. 1962ರ ಜನಗಣತಿಯಲ್ಲಿ ಕೆನ್ಯಾದಲ್ಲಿದ್ದ ಏಷ್ಯನ್ನರು ಸುಮಾರು 1,76,000. ಸ್ವಾತಂತ್ರ್ಯಾನಂತರ ಪೌರತ್ವಕ್ಕೆ ಅರ್ಜಿ ಹಾಕಲು ಅವರಿಗೆ ಎರಡು ವರ್ಷಗಳ ಗಡುವು ಸಿಕ್ಕಿತು. ಅನೇಕರು ಬ್ರಿಟಿಷ್ ಪಾಸ್‌ಪೋರ್ಟನ್ನೇ ನಂಬಿ ಸುಮ್ಮನಿದ್ದರು. 1967ರಲ್ಲಿ ವಲಸೆ ಮತ್ತು ವ್ಯಾಪಾರ ಪರವಾನಗಿಯ ಹೊಸ ಕಾಯಿದೆಗಳು ಇಲ್ಲಿ ಬಂದವು. ನಾಗರಿಕರಲ್ಲದವರ ಕೆಲಸ, ಅಂಗಡಿ ಎರಡಕ್ಕೂ ಕುತ್ತು ಬಂತು. ಜನ ಲಂಡನ್ನಿನ ವಿಮಾನ ಹತ್ತತೊಡಗಿದೊಡನೆ ಬ್ರಿಟಿಷ್ ಸಂಸತ್ತು 1968ರಲ್ಲಿ ಮೂರೇ ದಿನಗಳಲ್ಲಿ ಕಾಯಿದೆಯೊಂದನ್ನು ಅಂಗೀಕರಿಸಿ, ತನ್ನದೇ ಪಾಸ್‌ಪೋರ್ಟ್ ಹೊಂದಿದವರಿಗೆ ಬಾಗಿಲು ಹಾಕಿತು. ಭಾರತವೂ ಸುಲಭವಾಗಿ ಒಳಬಿಡಲಿಲ್ಲ. ಮೂರು ದೇಶಗಳ ಮೂರು ಕಡತಗಳ ನಡುವೆ ಕುಟುಂಬಗಳು ಸಿಕ್ಕಿಕೊಂಡವು. ಯಾವ ದೇಶದ ಯಾವ ಕಾನೂನು ತಮ್ಮನ್ನು ಹೇಗೆ ತಟ್ಟುತ್ತದೆಂಬ ತಿಳಿವಳಿಕೆ ಅಂದು ಎಷ್ಟೋ ಮನೆಗಳಲ್ಲಿ ಅನ್ನದಷ್ಟೇ ಅಗತ್ಯವಾಗಿತ್ತು.

2017ರ ಜುಲೈನಲ್ಲಿ ಕೆನ್ಯಾ ಸರ್ಕಾರ ಏಷ್ಯನ್ ಮೂಲದ ಕೆನ್ಯನ್ನರನ್ನು ದೇಶದ 44ನೆಯ ಬುಡಕಟ್ಟೆಂದು ಅಧಿಕೃತವಾಗಿ ಮಾನ್ಯಮಾಡಿತು. ಒಂದು ಶತಮಾನಕ್ಕೂ ಮೀರಿದ ವಾಸದ ಬಳಿಕ ಬಂದ ಮನ್ನಣೆ ಇದು. ನಮ್ಮಲ್ಲಿ ಕೆಲವರು ಈ ಬುಡಕಟ್ಟಿಗೆ ಸೇರಿದವರು. ಹೆಚ್ಚಿನವರು ಉದ್ಯೋಗ ಪರವಾನಗಿಯ ಮೇಲೆ ಕೆಲವು ವರ್ಷಗಳಿಗೆ ಬಂದವರು. ಇಬ್ಬರಿಗೂ ಈ ನಗರದ ವಿದ್ಯಾಸಂಸ್ಥೆಗಳಲ್ಲಿ ಪಾಲಿದೆ. ಮುರುಂಬಿ, ಪಿಂಟೊ ಅವರು ನಮ್ಮ ನಾಡಿನಲ್ಲಿ ಓದಿ ಇಲ್ಲಿಗೆ ಮರಳಿದರು. ಮುಂದಿನ ದಶಕಗಳಲ್ಲಿ ಕೆನ್ಯಾದ ಅನೇಕ ತರುಣ ತರುಣಿಯರು ಮೈಸೂರು, ಬೆಂಗಳೂರುಗಳ ಕಾಲೇಜುಗಳಿಗೆ ಹೋಗಿ ಬಂದರು. ನಮ್ಮ ಮಕ್ಕಳಾದರೋ ಪ್ರೌಢಶಾಲೆ ಮುಗಿಯುತ್ತಲೇ ಇಂಗ್ಲೆಂಡ್, ಕೆನಡಾಗಳ ಕಡೆಗೆ ನೋಡುತ್ತಾರೆ. ಅವರಲ್ಲೊಬ್ಬರಾದರೂ ಇದೇ ನೈರೋಬಿ ವಿಶ್ವವಿದ್ಯಾನಿಲಯದಲ್ಲಿ ಕುಳಿತು ಭಾರತ–ಆಫ್ರಿಕಾ ಸಂಬಂಧವನ್ನು ಕುರಿತು ಸಂಶೋಧನೆ ನಡೆಸಿದರೆ, ಆ ಫಲವನ್ನು ಕನ್ನಡದಲ್ಲಿಯೂ ಬರೆದರೆ, 1948ರಲ್ಲಿ ಅಂಗಡಿಯ ಗಲ್ಲೆಯಿಂದ ಶಿಲಿಂಗು ತೆಗೆದುಕೊಟ್ಟವರ ಋಣ ಸ್ವಲ್ಪ ತೀರೀತು.

ಈ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವಿದ್ಯಾಕೇಂದ್ರವೊಂದು ನಿಲ್ಲಬೇಕಾದರೆ ಹಣ ಬೇಕು, ಪುಸ್ತಕ ಬೇಕು, ಸ್ವತಂತ್ರವಾಗಿ ಯೋಚಿಸುವ ಅವಕಾಶ ಬೇಕು. ಗಾಂಧಿ ಅಕಾಡೆಮಿಗೆ ಜನರ ಹಣವಿತ್ತು. ತನ್ನ ಹೆಸರನ್ನು ಬಿಟ್ಟುಕೊಟ್ಟು ದೊಡ್ಡದೊಂದರೊಳಗೆ ಬೆರೆತು ಅದು ಬದುಕಿತು. ಲುಮುಂಬಾ ಸಂಸ್ಥೆಗೆ ಹುರುಪಿತ್ತು, ಸ್ವಾತಂತ್ರ್ಯವಿರಲಿಲ್ಲ. ಮುರುಂಬಿ ಅವರಲ್ಲಿ ಗ್ರಂಥಭಂಡಾರವೇ ಇತ್ತು. ಕೊಟ್ಟ ಮಾತನ್ನು ಉಳಿಸಿಕೊಳ್ಳುವವರಿರಲಿಲ್ಲ. 1973ರ ಕಾರ್ಯಕ್ರಮ ಈ ಮೂರನ್ನೂ ಅಷ್ಟಿಷ್ಟು ಹೊಂದಿಸಿಕೊಂಡು ಐವತ್ತು ವರ್ಷ ದಾಟಿದೆ.

ಸದಸ್ಯರಲ್ಲಿ ಒಂದು ವಿನಂತಿ. ಮುಂದಿನ ರಜಾದಿನಗಳಲ್ಲಿ ಮಕ್ಕಳನ್ನು ಕರೆದುಕೊಂಡು ವಿಶ್ವವಿದ್ಯಾನಿಲಯದ ಗಾಂಧಿ ಪ್ರತಿಮೆಯನ್ನೂ, ರಾಷ್ಟ್ರೀಯ ಪತ್ರಾಗಾರದ ಮುರುಂಬಿ ಗ್ಯಾಲರಿಯನ್ನೂ, ಸಿಟಿ ಪಾರ್ಕ್‌ನ ಎರಡು ಸಮಾಧಿಗಳನ್ನೂ ನೋಡಿ ಬನ್ನಿ. ನಿಮ್ಮ ಮನೆಯ ಹಿರಿಯರಲ್ಲಿ ಗಾಂಧಿ ಸ್ಮಾರಕ ನಿಧಿಯ, ಅಥವಾ ಹಳೆಯ ಕಾಲೇಜಿನ ದಿನಗಳ ರಸೀದಿ, ಭಾವಚಿತ್ರ, ಪತ್ರಗಳಿದ್ದರೆ ಅವನ್ನು ಜೋಪಾನ ಮಾಡಿ. ಅವುಗಳ ಪ್ರತಿಯನ್ನು ಸಂಘಕ್ಕೆ ಕೊಡಿ. ಕಾಗದಗಳು ಕಳೆದುಹೋದರೆ ಚರಿತ್ರೆಯೂ ಕಳೆದುಹೋಗುತ್ತದೆ.